ಕೊಟ್ಟವ ಕೋಡಂಗಿಯಾಗದಿರಲು...

“ಸಾರ್, ಈ ಹೃದಯ ಬಲಗಡೆಗೆ ವಾಲಿದೆ!”

ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಹೀಗೆಂದಾಗ ಕನ್ನಡಕ ಸರಿಪಡಿಸಿಕೊಂಡು ಚಿತ್ರ ನೋಡಿದೆ. ಅವಳು ಹೇಳಿದ್ದು ನಿಜ. ಮನುಷ್ಯನ ಹೃದಯದ ತುದಿ ಅವನ ಎಡಗಡೆಗೆ ವಾಲಿರುತ್ತದೆ. ಎದುರು ನಿಂತು ನೋಡುವವರಿಗೆ ಅದು ಬಲಗಡೆಗೆ ಕಾಣಬೇಕು. ಈ ಚಿತ್ರದಲ್ಲಿ ಎಲ್ಲವೂ ಅದಲುಬದಲು. ಅಷ್ಟರಲ್ಲಿ ಪಕ್ಕದ ಹುಡುಗ ಇನ್ನೊಂದು ಹಾಳೆ ಎತ್ತಿ ಹಿಡಿದ: “ಇಲ್ನೋಡಿ ಸಾರ್, ಪ್ರನಾಳ ಹಿಡಿದ ಕೈಗೆ ಆರು ಬೆರಳು!”

ತರಗತಿಯೆಲ್ಲ ಗೊಳ್ಳೆಂದು ನಕ್ಕಿತು. ನಾನು ಮಾತ್ರ ನಗಲಿಲ್ಲ. ಆ ಚಿತ್ರಗಳಿಗಾಗಿ ಆಗಲೇ 9,000 ರೂಪಾಯಿ ತೆತ್ತಾಗಿತ್ತು. ಅದರಲ್ಲಿ ನನ್ನ ಪಾಲು 3,000. ಉಳಿದದ್ದು ನನ್ನನ್ನು ನಂಬಿ ಹಣ ಹಾಕಿದ್ದ ಇಬ್ಬರು ಸಹೋದ್ಯೋಗಿಗಳದ್ದು.

ಕಥೆ 2023ರದ್ದು. ಮನೆಯಲ್ಲಿ ಸಿಗುವ ಸಾಮಾನುಗಳಿಂದಲೇ ಮಾಡಬಹುದಾದ ವಿಜ್ಞಾನ ಪ್ರಯೋಗಗಳ ಬಗ್ಗೆ ಮಕ್ಕಳಿಗೊಂದು ಪುಸ್ತಕ ತರಬೇಕೆಂದು ನಾವು ಮೂವರು ಮೇಷ್ಟ್ರುಗಳು ತಲಾ 10,000 ರೂಪಾಯಿ ಹಾಕಿದ್ದೆವು. 60 ಚಿತ್ರಗಳು ಬೇಕಿದ್ದವು. ನಮ್ಮೂರಿನಲ್ಲಿ ಬೋರ್ಡ್ ಬರೆಯುತ್ತಿದ್ದ ಕಲಾವಿದರು ಫ್ಲೆಕ್ಸ್ ಬಂದ ಮೇಲೆ ಕುಂಚ ಕೆಳಗಿಟ್ಟು ಬಹಳ ವರ್ಷಗಳಾಗಿವೆ. “ಅಪ್ಪಾ, ಆನ್‌ಲೈನ್‌ನಲ್ಲಿ ಫ್ರೀಲಾನ್ಸರ್‌ಗಳು ಸಿಗ್ತಾರೆ, ಹಾಕಿ ನೋಡಿ” ಎಂದಳು ಬೆಂಗಳೂರಿನಲ್ಲಿರುವ ಮಗಳು. ಹಾಕಿ ನೋಡಿದೆ.

ಭರ್ಜಿಯವರ ಸಂತೆ

ಈ ಪದಕ್ಕೊಂದು ಸ್ವಾರಸ್ಯದ ಇತಿಹಾಸವಿದೆ. 1819ರ ಕೊನೆಯಲ್ಲಿ ಹೊರಬಂದ ವಾಲ್ಟರ್ ಸ್ಕಾಟ್‌ನ ‘ಐವನ್‌ಹೋ’ ಕಾದಂಬರಿಯಲ್ಲಿ ಕೂಲಿಗೆ ಕಾದಾಡುವ ಸೈನಿಕರನ್ನು ಹೀಗೆ ಕರೆಯಲಾಗಿದೆ. ‘ಲಾನ್ಸ್’ ಎಂದರೆ ಭರ್ಜಿ. ಯಾವ ದೊರೆಗೂ ಕಟ್ಟುಬೀಳದ, ಹಣ ಕೊಟ್ಟವರ ಪರವಾಗಿ ಭರ್ಜಿ ಹಿಡಿಯುವವನೇ ಫ್ರೀಲಾನ್ಸ್. ಮುಂದೆ ಈ ಮಾತು ಪತ್ರಿಕೆಗಳಿಗೆ ಬಿಡಿಯಾಗಿ ಬರೆಯುವವರಿಗೆ ಅಂಟಿಕೊಂಡಿತು. ಕನ್ನಡದಲ್ಲಿ ಅವರನ್ನು ‘ಹವ್ಯಾಸಿ’ ಎಂದೆವು. ಈಗ ಚಿತ್ರ, ಅನುವಾದ, ಲೆಕ್ಕಪತ್ರ, ವೆಬ್‌ಸೈಟ್ ಯಾವುದೇ ಇರಲಿ, ಬಿಡಿಗೆಲಸ ಮಾಡುವ ಎಲ್ಲರೂ ಫ್ರೀಲಾನ್ಸರ್‌ಗಳೇ.

ಇವರಿಗಾಗಿ ದೊಡ್ಡ ದೊಡ್ಡ ಸಂತೆಗಳೇ ಹುಟ್ಟಿಕೊಂಡಿವೆ. 1999ರಲ್ಲಿ ಈಲಾನ್ಸ್, 2003ರಲ್ಲಿ ಓಡೆಸ್ಕ್ ಅಮೆರಿಕದಲ್ಲಿ ಶುರುವಾದವು. ಮುಂದೆ ಇವೆರಡೂ ಒಂದಾಗಿ 2015ರಲ್ಲಿ ಅಪ್‌ವರ್ಕ್ ಎಂಬ ಹೆಸರು ಪಡೆದವು. 2009ರಲ್ಲಿ ಆಸ್ಟ್ರೇಲಿಯಾದಿಂದ ಫ್ರೀಲಾನ್ಸರ್ ಡಾಟ್ ಕಾಮ್, 2010ರಲ್ಲಿ ಇಸ್ರೇಲಿನಿಂದ ಫೈವರ್ ಬಂದವು. ಆರಂಭದಲ್ಲಿ ಪ್ರತಿ ಕೆಲಸಕ್ಕೂ ಐದು ಡಾಲರ್ ಎಂಬ ಲೆಕ್ಕವಿದ್ದುದರಿಂದ ಫೈವರ್‌ಗೆ ಆ ಹೆಸರು.

ನಮ್ಮ ಸಂತೆಯಲ್ಲಿ ಬದನೆಕಾಯಿ ಒತ್ತಿ ನೋಡುತ್ತೇವೆ, ತೆಂಗಿನಕಾಯಿ ಕುಟ್ಟಿ ನೋಡುತ್ತೇವೆ. ಈ ಸಂತೆಯಲ್ಲಿ ಮುಟ್ಟಿ ನೋಡಲು ಏನೂ ಇಲ್ಲ. ಒಂದು ಭಾವಚಿತ್ರ, ನಾಲ್ಕು ಮಾದರಿಗಳು, ಹೆಸರಿನ ಮುಂದೆ ಕೆಲವು ನಕ್ಷತ್ರಗಳು. ಅಷ್ಟೇ!

ನಾನು ಮೋಸಹೋದ ಬಗೆ

ನನ್ನ ಜಾಹೀರಾತಿಗೆ ಒಂದೇ ಸಂಜೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಅರ್ಜಿಗಳು ಬಂದವು. ಅವರಲ್ಲೊಬ್ಬನಿಗೆ ಹೆಚ್ಚುಕಡಿಮೆ ಪೂರ್ತಿ ಐದು ನಕ್ಷತ್ರ. ಚಿತ್ರವೊಂದಕ್ಕೆ 300 ರೂಪಾಯಿಯಂತೆ 18,000ಕ್ಕೆ ಒಪ್ಪಿದ. ಮಾತು ಬೆಣ್ಣೆಯಂತಿತ್ತು. ಎರಡನೆಯ ದಿನ, “ಸರ್, ಈ ತಾಣದ ಮೂಲಕ ಹಣ ಕೊಟ್ಟರೆ ಇಬ್ಬರಿಗೂ ಕಮಿಷನ್ ದಂಡ. ವಾಟ್ಸ್‌ಆ್ಯಪ್‌ಗೆ ಬನ್ನಿ, ಅರ್ಧ ಹಣ ಯುಪಿಐ ಮಾಡಿ, ನಿಮಗೂ ಕಡಿಮೆ ಮಾಡಿಕೊಡುತ್ತೇನೆ” ಎಂದ. ನಾನು ಜಾಣನೆಂದು ಬೀಗುತ್ತಾ ಹಣ ಕಳಿಸಿದೆ.

ನಾಲ್ಕೇ ದಿನಗಳಲ್ಲಿ ಹನ್ನೆರಡು ಚಿತ್ರಗಳು ಬಂದವು. ಬಣ್ಣ ಕಣ್ಣು ಕುಕ್ಕುವಂತಿತ್ತು. ತೋರಿಸಿ ಹೊಗಳಿಸಿಕೊಳ್ಳೋಣವೆಂದೇ ತರಗತಿಗೆ ಒಯ್ದದ್ದು! ಆಮೇಲಿನದು ನಿಮಗೆ ಗೊತ್ತೇ ಇದೆ.

ಅಂದು ರಾತ್ರಿ ಆ ಹೃದಯದ ಚಿತ್ರವನ್ನು ಕಂಪ್ಯೂಟರ್‌ನಲ್ಲಿ ಎಡ ಬಲ ತಿರುಗಿಸಿ, ಚಿತ್ರವನ್ನೇ ಕೊಟ್ಟು ಗೂಗಲ್‌ನಲ್ಲಿ ಹುಡುಕಿದೆ. ವಿದೇಶಿ ಪಠ್ಯಪುಸ್ತಕವೊಂದರ ಚಿತ್ರ ಹಾಗೇ ಎದ್ದುಬಂತು. ಕದ್ದದ್ದು ಗೊತ್ತಾಗದಿರಲೆಂದು ಅದನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ, ಮೇಲೆ ಕನ್ನಡದಲ್ಲಿ ಭಾಗಗಳ ಹೆಸರು ಅಂಟಿಸಿದ್ದ. ಆರು ಬೆರಳಿನದು ಕೃತಕ ಬುದ್ಧಿಮತ್ತೆಯ ಕೈಚಳಕ ಎಂಬುದರಲ್ಲಿ ನನಗೆ ಸಂಶಯ ಉಳಿಯಲಿಲ್ಲ. ಕೇಳಿದೆ. ವಾಟ್ಸ್‌ಆ್ಯಪ್‌ನಲ್ಲಿ ನನ್ನನ್ನು ಬ್ಲಾಕ್ ಮಾಡಿದ. ತಾಣದವರಿಗೆ ದೂರು ಕೊಟ್ಟರೆ, ಹಣ ನಮ್ಮ ಮೂಲಕ ಹೋಗಿಲ್ಲವಲ್ಲ ಎಂದರು. ಅವರದು ತಪ್ಪೆನ್ನಲಾಗದು. ಹೊರಗೆ ಹಣ ಕೊಡಬಾರದೆಂಬ ನಿಯಮಕ್ಕೆ ಒಪ್ಪಿಗೆ ಒತ್ತಿದವನು ನಾನೇ. ‘ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ’ ಎಂಬ ಗಾದೆಯ ಪೂರ್ತಿ ಅರ್ಥ ನನಗೆ ಅಂದು ಆಯಿತು.

ನಕ್ಷತ್ರಗಳನ್ನು ನಂಬಬಹುದೆ?

ಅಷ್ಟೊಂದು ನಕ್ಷತ್ರಗಳಿದ್ದವನು ಹೀಗೇಕೆ ಮಾಡಿದ? ನಕ್ಷತ್ರಗಳೂ ಮಾರಾಟಕ್ಕಿವೆ ಎಂಬುದೇ ಉತ್ತರ. 2015ರ ಅಕ್ಟೋಬರ್‌ನಲ್ಲಿ ಅಮೆಜಾನ್ ಕಂಪೆನಿ 1,114 ಮಂದಿ ಅನಾಮಿಕರ ಮೇಲೆ ಮೊಕದ್ದಮೆ ಹೂಡಿತು. ಅವರು ಫೈವರ್‌ನಲ್ಲಿ ಸುಳ್ಳು ವಿಮರ್ಶೆ ಬರೆದುಕೊಡುವುದನ್ನೇ ಬಿಡಿಗೆಲಸವಾಗಿ ಮಾರುತ್ತಿದ್ದರು ಎಂಬುದು ಆರೋಪ. ನಮ್ಮ ಸರ್ಕಾರವೂ 2022ರಲ್ಲಿ ಆನ್‌ಲೈನ್ ವಿಮರ್ಶೆಗಳಿಗಾಗಿ ಐಎಸ್ 19000 ಎಂಬ ಮಾನಕವನ್ನು ತಂದಿತು.

ಸುಳ್ಳಲ್ಲದ ನಕ್ಷತ್ರಗಳಲ್ಲೂ ದಾಕ್ಷಿಣ್ಯದ ಪಾಲಿರುತ್ತದೆ. ‘ಪಾಪ, ಹೊಟ್ಟೆಪಾಡು’ ಎಂದು ನಾಲ್ಕು ಕೊಡುವಲ್ಲಿ ಐದು ಕೊಡುತ್ತೇವೆ. ಎಲ್ಲರಿಗೂ ನೂರಕ್ಕೆ ತೊಂಬತ್ತೆಂಟು ಅಂಕ ಕೊಟ್ಟರೆ ಜಾಣ ಯಾರು, ದಡ್ಡ ಯಾರು ಎಂದು ಮೇಷ್ಟ್ರಿಗೂ ತಿಳಿಯದು.

ಇದರ ಇನ್ನೊಂದು ಮುಖವನ್ನು ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕೆರ್ಲಾಫ್ 1970ರಲ್ಲೇ ತೋರಿಸಿಕೊಟ್ಟಿದ್ದರು. ಹಳೆಯ ಕಾರು ಕೊಳ್ಳುವವನಿಗೆ ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಎಂದು ತಿಳಿಯದು. ಆದ್ದರಿಂದ ಎಲ್ಲದಕ್ಕೂ ನಡುವಿನ ಬೆಲೆಯನ್ನೇ ಕೇಳುತ್ತಾನೆ. ಆ ಬೆಲೆಗೆ ಒಳ್ಳೆಯ ಕಾರಿನವನು ಮಾರಲು ಒಪ್ಪುವುದಿಲ್ಲ, ಹೊರಟುಹೋಗುತ್ತಾನೆ. ಕೊನೆಗೆ ಉಳಿಯುವುದು ಕೆಟ್ಟ ಕಾರುಗಳೇ. ಈ ವಿಚಾರವೂ ಸೇರಿದ ಸಂಶೋಧನೆಗೆ ಅವರು 2001ರ ನೊಬೆಲ್ ಹಂಚಿಕೊಂಡರು. ಅತಿ ಕಡಿಮೆ ದರ ಹೇಳಿದವನನ್ನೇ ಆರಿಸಿದಾಗ ನಾನು ಮಾಡಿದ್ದೂ ಇದನ್ನೇ. ನಿಜವಾಗಿ ಚಿತ್ರ ಬರೆಯಬಲ್ಲವರು ಆ ದರ ಕಂಡು ದೂರ ಉಳಿದಿರಬೇಕು.

ಪ್ರಯೋಗಶಾಲೆಯ ಪಾಠ

ಲವಣ ವಿಶ್ಲೇಷಣೆಯಲ್ಲಿ ಇಡೀ ಶೀಸೆಯನ್ನು ಯಾರೂ ಸುರಿಯುವುದಿಲ್ಲ. ಚಿಟಿಕೆ ತೆಗೆದುಕೊಂಡು ಪರೀಕ್ಷಿಸುತ್ತೇವೆ. ಎರಡನೆಯ ಸಲ ಹಾಗೇ ಮಾಡಿದೆ. ಮೂವರನ್ನು ಆರಿಸಿ, ಮೂವರಿಗೂ ಒಂದೇ ಪ್ರಯೋಗದ ಚಿತ್ರ ಬರೆಯಲು ಹೇಳಿದೆ. ಪರೀಕ್ಷೆಗೂ ಹಣ ಕೊಟ್ಟೆ. ‘ಮಾದರಿ ಕಳಿಸಿ’ ಎಂದು ಬಿಟ್ಟಿ ಕೆಲಸ ಮಾಡಿಸಿಕೊಂಡು ಮಾಯವಾಗುವ ಗಿರಾಕಿಗಳು ಈ ಸಂತೆಯಲ್ಲಿ ಬೇಕಾದಷ್ಟಿದ್ದಾರೆ. ಮೋಸ ಒಂದೇ ಕಡೆಯದಲ್ಲ.

ಹಣವನ್ನು ಈ ಬಾರಿ ತಾಣದ ಮೂಲಕವೇ ಕಟ್ಟಿದೆ. ಇಲ್ಲಿ ಎಸ್ಕ್ರೋ ಎಂಬ ಏರ್ಪಾಡಿದೆ. ಪಂದ್ಯದ ಹಣವನ್ನು ಮೂರನೆಯವರ ಕೈಯಲ್ಲಿಡುತ್ತಾರಲ್ಲ, ಹಾಗೆ. ಕೆಲಸ ಒಪ್ಪಿಗೆಯಾದ ಮೇಲೆ ಹಣ ಕೈದಾಟುತ್ತದೆ. ಒಂದೇ ಗಂಟಾಗಿ ಕೊಡದೆ ಐದೈದು ಚಿತ್ರಗಳ ಕಂತು ಮಾಡಿದೆ. ಎಚ್ಚರಿಕೆಯೊಂದುಂಟು: ಇಲ್ಲಿ ಮೌನಂ ಸಮ್ಮತಿ ಲಕ್ಷಣಂ. ಕಂತಿನ ಕೆಲಸ ಒಪ್ಪಿಸಿದ ಮೇಲೆ ಅಪ್‌ವರ್ಕ್‌ನಲ್ಲಿ 14 ದಿನ, ಫೈವರ್‌ನಲ್ಲಿ ಸಾಮಾನ್ಯವಾಗಿ 3 ದಿನ ನೀವು ಸುಮ್ಮನಿದ್ದರೆ ಕೆಲಸ ಒಪ್ಪಿದಂತೆಯೇ. ಆದ್ದರಿಂದ ಬಂದ ದಿನವೇ ಪರೀಕ್ಷಿಸಬೇಕು.

ಗಂಟೆ ಲೆಕ್ಕದ ಕೂಲಿಗೆ ಬೇರೆ ಕಾವಲಿದೆ. ಅಪ್‌ವರ್ಕ್‌ನ ತಂತ್ರಾಂಶ ಸಮಯವನ್ನು ಹತ್ತು ಹತ್ತು ನಿಮಿಷದ ತುಂಡುಗಳಾಗಿ ಮಾಡಿ, ಕೆಲಸಗಾರನ ಕಂಪ್ಯೂಟರ್ ಪರದೆಯ ಚಿತ್ರ ತೆಗೆಯುತ್ತದೆ. ಚಾಪೆ ಕೆಳಗೆ ತೂರುವವರಿದ್ದರೆ ರಂಗೋಲಿ ಕೆಳಗೆ ತೂರುವವರೂ ಇದ್ದಾರೆ: ಮೌಸನ್ನು ತಾನಾಗಿ ಅಲ್ಲಾಡಿಸುವ ಪುಟ್ಟ ಯಂತ್ರವೂ ಮಾರುಕಟ್ಟೆಯಲ್ಲಿದೆ! ಅಳೆಯಬೇಕಾದದ್ದು ಗಂಟೆಯನ್ನಲ್ಲ, ಆದ ಕೆಲಸವನ್ನು.

ವೆಬ್‌ಸೈಟ್ ಮಾಡಿಸುವವರಿಗೆ ಇನ್ನೊಂದು ಮಾತು. ಚಿಕ್ಕಮಗಳೂರು ಕಡೆ ಹೋಂಸ್ಟೇ ನಡೆಸುವ ನನ್ನ ಹಳೆಯ ವಿದ್ಯಾರ್ಥಿಯ ವೆಬ್‌ಸೈಟ್ ವಿಳಾಸವನ್ನು ಫ್ರೀಲಾನ್ಸರ್ ತನ್ನ ಹೆಸರಿನಲ್ಲೇ ನೋಂದಾಯಿಸಿದ್ದ. ವರ್ಷವರ್ಷವೂ ಕೇಳಿದಷ್ಟು ಕಕ್ಕಬೇಕಾಯಿತು. ಮನೆ ಕಟ್ಟಿದ ಮೇಸ್ತ್ರಿ ಖಾತೆಯನ್ನು ತನ್ನ ಹೆಸರಿಗೆ ಮಾಡಿಸಿಕೊಂಡ ಹಾಗೆ! ವೆಬ್‌ಸೈಟ್ ವಿಳಾಸ, ಪಾಸ್‌ವರ್ಡ್, ಮೂಲ ಕಡತಗಳು ಮೊದಲ ದಿನದಿಂದಲೇ ನಿಮ್ಮ ಹೆಸರಿನಲ್ಲಿ, ನಿಮ್ಮ ವಶದಲ್ಲಿ ಇರಲಿ.

ನನ್ನ ತಪ್ಪು

ಮೂವರಲ್ಲಿ ಶಿರಸಿ ಕಡೆಯ ಹೆಣ್ಣುಮಗಳೊಬ್ಬರು ಗೆದ್ದರು. ಮೊದಲ ಐದು ಚಿತ್ರ ಸೊಗಸಾಗಿದ್ದವು. ಎರಡನೆಯ ಕಂತಿನಲ್ಲಿ ವಿದ್ಯುತ್ ಮಂಡಲದ ಚಿತ್ರ ಬಂತು. ಅಮ್ಮೀಟರ್ ಸರಣಿಯಲ್ಲಿರುವ ಬದಲು ಬಲ್ಬಿಗೆ ಸಮಾಂತರವಾಗಿತ್ತು! ನನ್ನ ಪಿತ್ತ ನೆತ್ತಿಗೇರಿತು. “ನೀವೂ ಎಲ್ಲಿಂದಲೋ ಕದ್ದಿರಿ, ನಿಮ್ಮಂಥವರನ್ನು ನೋಡಿ ಸಾಕಾಗಿದೆ” ಎಂದು ಬರೆದು ಕಳಿಸಿಬಿಟ್ಟೆ.

ಒಂದು ಗಂಟೆಯ ನಂತರ ಉತ್ತರ ಬಂತು. “ಸರ್, ನೀವು ಕಳಿಸಿದ ಕಚ್ಚಾಚಿತ್ರವನ್ನು ಒಮ್ಮೆ ನೋಡ್ತೀರಾ?” ಜೊತೆಗೆ ಅವರ ಪೆನ್ಸಿಲ್ ಗೀಟುಗಳ ಫೋಟೋ, ಅಳಿಸಿ ತಿದ್ದಿದ ಗುರುತುಗಳ ಸಮೇತ. ನನ್ನ ಹಾಳೆ ತೆಗೆದು ನೋಡಿದೆ. ಅವಸರದಲ್ಲಿ ಎಳೆದ ನನ್ನ ಗೀಟೇ ತಪ್ಪಿತ್ತು. ಮೂವತ್ತು ವರ್ಷ ಅದೇ ಪಾಠ ಮಾಡಿದವನ ಕೈ ಅದು! ಆಕೆ ನಾನು ಕೊಟ್ಟದ್ದನ್ನು ಚಾಚೂ ತಪ್ಪದೆ ಬರೆದಿದ್ದರು.

ಕ್ಷಮೆ ಕೇಳಿದೆ. ತಿದ್ದಿದ ಚಿತ್ರಕ್ಕೆ ಬೇರೆಯಾಗಿ ಹಣ ಕಟ್ಟಿದೆ. ಹಣ ಕಳೆದುಕೊಂಡ ದಿನಕ್ಕಿಂತ ಅಂದು ಹೆಚ್ಚು ನಾಚಿಕೆಯಾಯಿತು. ಮೋಸಹೋದವನ ಎರಡನೆಯ ನಷ್ಟ ಇದೇ: ಬಿಸಿ ಹಾಲು ಕುಡಿದ ಬೆಕ್ಕಿನಂತೆ ಮಜ್ಜಿಗೆಗೂ ಹೆದರುತ್ತಾನೆ. ಪರೀಕ್ಷೆ ಕೆಲಸಕ್ಕಿರಲಿ, ಮನುಷ್ಯರನ್ನು ಕಳ್ಳರೆಂದು ಕರೆಯುವ ಮೊದಲು ನಮ್ಮ ಕಚ್ಚಾಚಿತ್ರವನ್ನೂ ಒಮ್ಮೆ ನೋಡಿಕೊಳ್ಳೋಣ. ಏನು ಬೇಕು, ಎಷ್ಟು ಬೇಕು, ಎಂದಿಗೆ ಬೇಕು, ಎಷ್ಟು ಸಲ ತಿದ್ದಿಕೊಡಬೇಕು, ಕೃತಕ ಬುದ್ಧಿಮತ್ತೆ ಬಳಸಬಹುದೆ ಇಲ್ಲವೆ ಎಂಬುದನ್ನೆಲ್ಲ ಮೊದಲೇ ಬರೆದು ಕೊಟ್ಟರೆ ಅರ್ಧ ಜಗಳ ಹುಟ್ಟುವುದೇ ಇಲ್ಲ.

ಕಾನೂನು ಏನನ್ನುತ್ತದೆ?

ಕೆಲಸ ಕೆಟ್ಟದ್ದೆಲ್ಲ ಅಪರಾಧವಲ್ಲ. ಮಾತಿಗೆ ತಪ್ಪಿದರೆ 1872ರ ಕರಾರು ಕಾಯ್ದೆಯ 73ನೇ ಸೆಕ್ಷನ್ ಪ್ರಕಾರ ಪರಿಹಾರ ಕೇಳಬಹುದು. ಇಮೇಲ್ ಮೂಲಕ ಆದ ಕರಾರಿಗೂ ಮಾಹಿತಿ ತಂತ್ರಜ್ಞಾನ ಕಾಯ್ದೆಯ 10ಎ ಸೆಕ್ಷನ್ ಮಾನ್ಯತೆ ಕೊಡುತ್ತದೆ. ವಂಚಿಸುವ ಉದ್ದೇಶ ಮೊದಲಿನಿಂದಲೇ ಇದ್ದರೆ ಅದು ಭಾರತೀಯ ನ್ಯಾಯ ಸಂಹಿತೆಯ 318ನೇ ಸೆಕ್ಷನ್ನಿನ ವಂಚನೆ. ಬೇರೆಯವರ ಹೆಸರಿನಲ್ಲಿ ಕಂಪ್ಯೂಟರ್ ಮೂಲಕ ವಂಚಿಸಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಪ್ರಕಾರ ಮೂರು ವರ್ಷದವರೆಗೆ ಸೆರೆ, ಒಂದು ಲಕ್ಷದವರೆಗೆ ದಂಡ.

ಹಣ ಹೋದದ್ದು ತಿಳಿದ ಕೂಡಲೇ 1930 ಸಂಖ್ಯೆಗೆ ಕರೆ ಮಾಡಬೇಕು. ಹಣ ಖಾತೆಯಿಂದ ಖಾತೆಗೆ ಹಾರಿಹೋಗುವ ಮೊದಲು ತಡೆಹಿಡಿಯಲು ಸಾಧ್ಯವಾಗಬಹುದು. ನಾನು ನಾಚಿಕೆಯಿಂದ ಮೂರು ವಾರ ಬಾಯಿ ಮುಚ್ಚಿಕೊಂಡಿದ್ದೆ. ನೀವು ಹಾಗೆ ಮಾಡಬೇಡಿ.

ಪುಸ್ತಕ, ಚಿತ್ರ ಮಾಡಿಸುವವರು ಕೃತಿಸ್ವಾಮ್ಯದ ವರ್ಗಾವಣೆಯನ್ನು ಬರೆಸಿ ಸಹಿ ಪಡೆಯಬೇಕು. 1957ರ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಅವಧಿ ನಮೂದಿಸದಿದ್ದರೆ ಆ ಹಕ್ಕು ಐದೇ ವರ್ಷ. ಕದ್ದ ಚಿತ್ರ ಅಚ್ಚಾದರೆ ಅಚ್ಚು ಹಾಕಿಸಿದ ನಾವೂ ಹೊಣೆಗಾರರಾಗುತ್ತೇವೆ. ಆ ಹುಡುಗಿ ಹೃದಯವನ್ನು ಗುರುತಿಸದಿದ್ದರೆ ನಮ್ಮ ಗತಿ ಏನಾಗುತ್ತಿತ್ತೋ!

ಹಣ ಕಡಿಮೆ ಬಿದ್ದದ್ದರಿಂದ 60 ಚಿತ್ರಗಳ ಪುಸ್ತಕ 40 ಚಿತ್ರಗಳದ್ದಾಯಿತು. ಮೂವರೂ ಮತ್ತೆ ಐದೈದು ಸಾವಿರ ಹಾಕಿ 2024ರಲ್ಲಿ 300 ಪ್ರತಿ ಅಚ್ಚು ಹಾಕಿಸಿದೆವು. ಮೊದಲ ಪ್ರತಿ ಹತ್ತನೇ ತರಗತಿಗೆ ಬಂದಿದ್ದ ಆ ಹುಡುಗಿಗೇ ಹೋಯಿತು. ಪುಟ ತಿರುಗಿಸಿ, ಹೃದಯದ ಚಿತ್ರದ ಮೇಲೆ ಬೆರಳಿಟ್ಟು ಒಂದು ಕ್ಷಣ ನೋಡಿದಳು.

“ಈಗ ಸರಿಯಾಗಿದೆ ಸಾರ್” ಎಂದಳು.