ಗುಟುಕಿನ ಲೆಕ್ಕ ಇಡುವ ಹಲ್ಲು

"ಸಕ್ಕರೆ ಬಿಟ್ಟು ಆರು ತಿಂಗಳಾಯ್ತು, ಈಗ ನಮ್ಮನೇಲಿ ಎಲ್ಲದಕ್ಕೂ ಬೆಲ್ಲವೇ." ಈಚೆಗೆ ಈ ಮಾತನ್ನು ನೆಂಟರ ಮನೆಯಲ್ಲಿ, ಕಚೇರಿಯಲ್ಲಿ, ಮದುವೆಯ ಊಟದ ಪಂಕ್ತಿಯಲ್ಲಿ ಮತ್ತೆ ಮತ್ತೆ ಕೇಳುತ್ತಿದ್ದೇನೆ. ಹೇಳುವವರ ದನಿಯಲ್ಲಿ ಒಂದು ನೆಮ್ಮದಿ ಇರುತ್ತದೆ. ಆದರೆ ಆ ನೆಮ್ಮದಿಯಲ್ಲಿ ಹಲ್ಲಿಗೆ ಪಾಲಿಲ್ಲ. ಸಕ್ಕರೆ ಎಂದರೆ ಸುಕ್ರೋಸ್. ಬೆಲ್ಲದ ಬಹುಪಾಲೂ ಸುಕ್ರೋಸೇ. ಅದರಲ್ಲಿರುವ ಅಷ್ಟಿಷ್ಟು ಖನಿಜಾಂಶದಿಂದ ಹಲ್ಲಿಗೆ ರಕ್ಷಣೆ ಸಿಗುವುದಿಲ್ಲ. ಜೇನುತುಪ್ಪದಲ್ಲಂತೂ ಮುಕ್ಕಾಲು ಪಾಲಿನಷ್ಟು ಗ್ಲೂಕೋಸ್, ಫ್ರಕ್ಟೋಸ್ ತುಂಬಿದೆ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಸಕ್ಕರೆಗೆ ಮಿತಿ ಹೇಳಿದಾಗ ಜೇನನ್ನೂ ಹಣ್ಣಿನ ರಸವನ್ನೂ ಅದೇ ಪಟ್ಟಿಗೆ ಸೇರಿಸಿತು. ದಿನದ ಆಹಾರಶಕ್ತಿಯಲ್ಲಿ ಇವುಗಳ ಪಾಲು ಶೇ. 10ನ್ನು ಮೀರಬಾರದು, ಶೇ. 5ಕ್ಕಿಂತ ಕೆಳಗಿದ್ದರೆ ಇನ್ನೂ ಒಳ್ಳೆಯದು ಎಂಬುದು ಅದರ ಸಲಹೆ. ಶೇ. 5 ಎಂದರೆ ದೊಡ್ಡವರಿಗೆ ಹೆಚ್ಚುಕಡಿಮೆ 25 ಗ್ರಾಂ, ಅಂದರೆ ಆರು ಟೀ ಚಮಚ.

ಹಲ್ಲಿಗೆ ಹುಳ ಹತ್ತಿದೆ ಎನ್ನುತ್ತೇವೆ. ಅಲ್ಲಿ ಹುಳ ಇರುವುದಿಲ್ಲ. ಇರುವುದು ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ. ಅವುಗಳಲ್ಲಿ ಕುಖ್ಯಾತವಾದ ಸ್ಟ್ರೆಪ್ಟೋಕಾಕಸ್ ಮ್ಯೂಟನ್ಸ್ ಅನ್ನು ಬ್ರಿಟನ್ನಿನ ಕಿಲಿಯನ್ ಕ್ಲಾರ್ಕ್ 1924ರಲ್ಲಿ ಗುರುತಿಸಿದರು. ಅದು ಸಕ್ಕರೆಯನ್ನು ತಿಂದು ಆಮ್ಲವನ್ನು ಹೊರಹಾಕುತ್ತದೆ. ಸುಕ್ರೋಸ್ ಸಿಕ್ಕಿದರೆ ಇನ್ನೊಂದು ಕೆಲಸವನ್ನೂ ಮಾಡುತ್ತದೆ: ಅದರಿಂದ ಅಂಟು ತಯಾರಿಸಿಕೊಂಡು ಹಲ್ಲಿಗೆ ಬಿಗಿಯಾಗಿ ಕಚ್ಚಿಕೊಳ್ಳುತ್ತದೆ. ಬೆಳಗ್ಗೆ ಎದ್ದಾಗ ನಾಲಿಗೆಗೆ ಲೋಳೆಲೋಳೆಯಾಗಿ ತಾಗುವ ಪದರ ಇಂಥ ಬ್ಯಾಕ್ಟೀರಿಯಾಗಳ ಬೀಡು. ಹಲ್ಲಿನ ಹೊರಕವಚವಾದ ಎನಾಮೆಲ್ ನಮ್ಮ ದೇಹದಲ್ಲೇ ಅತಿ ಗಟ್ಟಿಯಾದ ವಸ್ತು. ಆದರೆ ಅದರ ಸುತ್ತಲಿನ ಪಿಎಚ್ ಸುಮಾರು 5.5ಕ್ಕಿಂತ ಇಳಿದರೆ ಅದರಲ್ಲಿನ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಕರಗಿ ಹೊರಬರತೊಡಗುತ್ತವೆ. ಪಿಎಚ್ ಎಂಬುದು ಹುಳಿಯ ಅಳತೆ. ಶುದ್ಧ ನೀರಿಗೆ 7. ಅಲ್ಲಿಂದ ಒಂದೊಂದು ಮೆಟ್ಟಿಲು ಇಳಿದಂತೆ ಆಮ್ಲ ಹತ್ತುಪಟ್ಟು ಏರುತ್ತದೆ.

ಸಿಹಿ ತಿಂದ ಮೇಲೆ ಬಾಯಲ್ಲಿ ಏನಾಗುತ್ತದೆ ಎಂಬುದನ್ನು 1940ರ ದಶಕದಲ್ಲಿ ಅಮೆರಿಕದ ರಾಬರ್ಟ್ ಸ್ಟೀಫನ್ ಅಳೆದು ನೋಡಿದರು. ಗ್ಲೂಕೋಸ್ ನೀರಿನಿಂದ ಬಾಯಿ ಮುಕ್ಕಳಿಸಿದ ಕೆಲವೇ ನಿಮಿಷಗಳಲ್ಲಿ ಹಲ್ಲಿನ ಮೇಲಿನ ಪದರದ ಪಿಎಚ್ ಧೊಪ್ಪನೆ ಕುಸಿಯಿತು. ಮತ್ತೆ ಮೊದಲಿನ ಮಟ್ಟಕ್ಕೆ ಬರಲು ಅರ್ಧದಿಂದ ಒಂದು ಗಂಟೆ ಹಿಡಿಯಿತು. ಈ ಚೇತರಿಕೆಗೆ ಕಾರಣ ಎಂಜಲು. ಅದು ಆಮ್ಲವನ್ನು ತೊಳೆಯುತ್ತದೆ, ಅದರಲ್ಲಿನ ಬೈಕಾರ್ಬನೇಟ್ ಹುಳಿಯನ್ನು ಮುರಿಯುತ್ತದೆ, ಕರಗಿಹೋದ ಕ್ಯಾಲ್ಸಿಯಂ ಮತ್ತು ಫಾಸ್ಫೇಟನ್ನು ಹಲ್ಲಿಗೆ ಮರಳಿ ತುಂಬುತ್ತದೆ. ಕರಗುವುದು, ಕೂಡುವುದು ದಿನವಿಡೀ ನಡೆದೇ ಇರುತ್ತದೆ. ಕರಗಿದ್ದೇ ಹೆಚ್ಚಾದಾಗ ಹುಳುಕು.

ಹಾಗಾಗಿ ಲೋಟಕ್ಕೆ ಎಷ್ಟು ಚಮಚ ಸಕ್ಕರೆ ಹಾಕಿದಿರಿ ಎನ್ನುವುದಕ್ಕಿಂತ ಆ ಲೋಟವನ್ನು ಎಷ್ಟು ಹೊತ್ತು ಕುಡಿದಿರಿ ಎನ್ನುವುದು ದೊಡ್ಡ ಪ್ರಶ್ನೆ. ಎರಡು ಚಮಚ ಸಕ್ಕರೆಯ ಕಾಫಿಯನ್ನು ಐದು ನಿಮಿಷದಲ್ಲಿ ಕುಡಿದು ಮುಗಿಸಿದವರ ಬಾಯಿ ಒಂದು ಗಂಟೆಯೊಳಗೆ ಸುಧಾರಿಸಿಕೊಳ್ಳುತ್ತದೆ. ಒಂದೇ ಚಮಚ ಹಾಕಿಸಿಕೊಂಡು ಕಂಪ್ಯೂಟರ್ ಮುಂದೆ ಎರಡು ಗಂಟೆ ಗುಟುಕರಿಸುವವರ ಎಂಜಲಿಗೆ ಆ ಬಿಡುವೇ ಸಿಗುವುದಿಲ್ಲ. ಈ ತಿಳಿವಳಿಕೆ ನಮಗೆ ಬಂದ ದಾರಿ ನೋವಿನದು. 1940ರ ದಶಕದ ಕೊನೆಯಲ್ಲಿ ಸ್ವೀಡನ್ನಿನ ಲುಂಡ್ ನಗರದ ವಿಪೆಹೋಮ್ ಆಸ್ಪತ್ರೆಯಲ್ಲಿ, ಬುದ್ಧಿಮಾಂದ್ಯರೆಂದು ಸೇರಿಸಿದ್ದ ರೋಗಿಗಳಿಗೆ ಅವರ ಒಪ್ಪಿಗೆಯನ್ನೇ ಕೇಳದೆ ಬಗೆಬಗೆಯಲ್ಲಿ ಸಿಹಿ ತಿನ್ನಿಸಿ ಹಲ್ಲನ್ನು ಗಮನಿಸಿದರು. ಊಟದ ಜೊತೆಯಲ್ಲೇ ಸಕ್ಕರೆ ಪಡೆದವರಲ್ಲಿ ಹುಳುಕು ಅಷ್ಟೇನೂ ಏರಲಿಲ್ಲ. ಊಟದ ನಡುವಿನ ಹೊತ್ತಿನಲ್ಲಿ ಅಂಟಂಟು ಟಾಫಿ ತಿಂದವರ ಹಲ್ಲುಗಳು ಹಾಳಾಗಿಹೋದವು. ಅದು ಅನ್ಯಾಯದ ಪ್ರಯೋಗ, ಯಾವ ಕಾಲದಲ್ಲೂ ಒಪ್ಪುವಂಥದ್ದಲ್ಲ. ಆ ರೋಗಿಗಳು ತಮ್ಮ ಹಲ್ಲನ್ನು ಕೊಟ್ಟು ಕಲಿಸಿದ್ದನ್ನು ನಾವು ಮರೆಯುವುದು ಅದಕ್ಕಿಂತ ದೊಡ್ಡ ಅನ್ಯಾಯವಾದೀತು.

ಇನ್ನೊಂದು ಬಗೆಯ ಹಾನಿಗೆ ಸಕ್ಕರೆಯೂ ಬೇಡ, ಬ್ಯಾಕ್ಟೀರಿಯಾವೂ ಬೇಡ. ಪಾನೀಯದ ಹುಳಿಯೇ ಎನಾಮೆಲನ್ನು ನೇರವಾಗಿ ಸವೆಸುತ್ತದೆ. ಕೋಲಾಗಳ ಪಿಎಚ್ ಸುಮಾರು 2.5. ಅಂದರೆ ಹಲ್ಲು ಕರಗತೊಡಗುವ ಗೆರೆಗಿಂತ ಸಾವಿರ ಪಟ್ಟು ಹುಳಿ. ಡಯಟ್ ಕೋಲಾದಲ್ಲಿ ಸಕ್ಕರೆ ಇಲ್ಲ, ನಿಜ. ಫಾಸ್ಫಾರಿಕ್ ಆಮ್ಲ ಇದ್ದೇ ಇದೆ. ಹುಳುಕಿನ ಭಯ ಕಡಿಮೆಯಾಯಿತು, ಸವೆತದ ಭಯ ಹಾಗೇ ಉಳಿಯಿತು.

ಕೋಲಾ ಕುಡಿಯದವರ ಮನೆಯಲ್ಲೂ ಬೆಳಗಿನ ನಿಂಬೆ ನೀರು ಇರುತ್ತದೆ. ಎದ್ದ ಕೂಡಲೇ ಬಿಸಿನೀರಿಗೆ ನಿಂಬೆಹಣ್ಣು ಹಿಂಡಿ, ಜೇನು ಬೆರೆಸಿ, ಕಾಫಿಯಂತೆ ನಿಧಾನವಾಗಿ ಕುಡಿದು, ಆಮೇಲೆ ಹಲ್ಲುಜ್ಜುವ ರೂಢಿ ಈಗ ಎಷ್ಟೋ ಮಂದಿಗಿದೆ. ನಿಂಬೆರಸದ ಪಿಎಚ್ 2ರಿಂದ 3ರ ನಡುವೆ. ನೀರು ಬೆರೆಸಿದರೂ ಅದು 5.5ರ ಗೆರೆಯ ಹತ್ತಿರಕ್ಕೂ ಬರುವುದಿಲ್ಲ. ರಾತ್ರಿಯಿಡೀ ಎಂಜಲು ಕಡಿಮೆಯಾಗಿದ್ದ ಬಾಯಿಗೆ ಮೊದಲು ಹುಳಿ, ಜೊತೆಗೆ ಜೇನಿನ ಸಿಹಿ, ಮೇಲಿಂದ ಮೆತ್ತಗಾದ ಎನಾಮೆಲಿನ ಮೇಲೆ ಬ್ರಷ್ಷಿನ ತಿಕ್ಕಾಟ. ತಣ್ಣೀರು ತಾಗಿದರೆ ಹಲ್ಲು ಜುಮ್ಮೆನ್ನುತ್ತದೆ ಎಂದು ಗೋಳಾಡುವವರು ಈ ಲೋಟವನ್ನೂ ಒಮ್ಮೆ ನೆನಪಿಸಿಕೊಳ್ಳಬೇಕು. ನಿಂಬೆ ನೀರು ಬೇಕೇ ಬೇಕಾದರೆ ಹಲ್ಲನ್ನು ಮೊದಲೇ ಉಜ್ಜಿ, ಆಮೇಲೆ ಒಂದೇ ಸಲಕ್ಕೆ ಕುಡಿದು, ಬರೀ ನೀರಿನಲ್ಲಿ ಬಾಯಿ ಮುಕ್ಕಳಿಸಿ. ಹುಳಿ ಕುಡಿದ ಮೇಲೆ ಕನಿಷ್ಠ ಅರ್ಧ ಗಂಟೆ ಬ್ರಷ್ ಮುಟ್ಟಬೇಡಿ.

ಸಿಹಿಯನ್ನು ಬಿಡಲಾಗದವರಿಗೆ ಬದಲಿಗಳಿವೆ. 1976ರಲ್ಲಿ ಲಂಡನ್ನಿನ ಪ್ರಯೋಗಾಲಯವೊಂದರಲ್ಲಿ ಶಶಿಕಾಂತ ಫಡ್ನಿಸ್ ಎಂಬ ಭಾರತೀಯ ಸಂಶೋಧಕರಿಗೆ ಒಂದು ರಾಸಾಯನಿಕವನ್ನು 'ಟೆಸ್ಟ್' ಮಾಡಲು ಹೇಳಿದರಂತೆ. ಅವರು ಅದನ್ನು 'ಟೇಸ್ಟ್' ಎಂದು ಕೇಳಿಸಿಕೊಂಡು ನಾಲಿಗೆಗೆ ಹಚ್ಚಿಕೊಂಡರು. ಸಕ್ಕರೆಯ 600 ಪಟ್ಟು ಸಿಹಿಯಾದ ಸುಕ್ರಲೋಸ್ ಸಿಕ್ಕಿದ್ದು ಹೀಗೆ. ಸುಕ್ರೋಸಿನ ಅಣುವಿಗೆ ಮೂರು ಕಡೆ ಕ್ಲೋರಿನ್ ಸೇರಿಸಿದ ಈ ರೂಪವನ್ನು ಬಾಯಿಯ ಬ್ಯಾಕ್ಟೀರಿಯಾ ಆಮ್ಲವಾಗಿಸಲಾರವು. ಸ್ಟೀವಿಯಾದ ಸಿಹಿಯೂ ಹಾಗೆಯೇ. ಹಲ್ಲಿನ ಮಟ್ಟಿಗೆ ನನ್ನ ಒಲವು ಝೈಲಿಟಾಲ್ ಕಡೆಗೆ. 1970ರ ದಶಕದಲ್ಲಿ ಫಿನ್‌ಲೆಂಡಿನ ಟುರ್ಕು ನಗರದಲ್ಲಿ ಎರಡು ವರ್ಷ ಸಕ್ಕರೆಯ ಬದಲು ಝೈಲಿಟಾಲ್ ತಿಂದವರಲ್ಲಿ ಹೊಸ ಹುಳುಕು ಬಹಳ ಕಡಿಮೆ ಕಂಡಿತ್ತು. ಊಟವಾದ ಮೇಲೆ ಝೈಲಿಟಾಲ್ ಇರುವ ಚೂಯಿಂಗ್ ಗಮ್ ಅಗಿದರೆ ಎಂಜಲೂ ಚೆನ್ನಾಗಿ ಊರುತ್ತದೆ. ಅತಿಯಾದರೆ ಹೊಟ್ಟೆ ಕೆಡುತ್ತದೆ. ನಾಯಿಗಳಿಗಂತೂ ಇದು ವಿಷ, ಮನೆಯಲ್ಲಿ ನಾಯಿ ಇದ್ದರೆ ಅದಕ್ಕೆ ಎಟುಕದ ಕಡೆ ಇಡಿ. ಸುಕ್ರಲೋಸ್, ಸ್ಟೀವಿಯಾದಂಥ ಬದಲಿ ಸಿಹಿಗಳು ತೂಕ ಇಳಿಸುತ್ತವೆ ಎಂದು ನೆಚ್ಚಬೇಡಿ. ಅದಕ್ಕಾಗಿ ಅವನ್ನು ಬಳಸುವುದು ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆಯೇ 2023ರಲ್ಲಿ ಹೇಳಿದೆ.

ಹಾಗಾದರೆ ಏನು ಕುಡಿಯಬಹುದು? ನಮ್ಮ ಅಡುಗೆಮನೆಯಲ್ಲೇ ಉತ್ತರವಿದೆ. ಸಕ್ಕರೆ ಬೆರೆಸದ ಹಾಲಿನ ಪಿಎಚ್ ಸುಮಾರು 6.7, ಅದರ ಕ್ಯಾಲ್ಸಿಯಂ ಹಲ್ಲಿಗೇ ಸಹಾಯ. ಮೊಸರು, ಮಜ್ಜಿಗೆ ಹುಳಿಯೇ ಆದರೂ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ತುಂಬಿರುವುದರಿಂದ ಎನಾಮೆಲಿನಿಂದ ಕೀಳುವುದಕ್ಕೆ ಅವಕ್ಕೆ ಕಾರಣವಿಲ್ಲ. ಬೇಸಿಗೆಯ ಮಧ್ಯಾಹ್ನ ಕೋಲಾ ಬಾಟಲಿಗೂ ಇಂಗು-ಕರಿಬೇವಿನ ಮಜ್ಜಿಗೆಗೂ ಆಯ್ಕೆ ಬಂದರೆ ಹಲ್ಲಿನ ಮತ ಮಜ್ಜಿಗೆಗೆ. ಸಕ್ಕರೆ ಇಲ್ಲದ ಟೀ, ಕಾಫಿ ಹಲ್ಲಿಗೆ ಬಣ್ಣ ಹಿಡಿಸಬಹುದು, ಹುಳುಕು ತರುವುದಿಲ್ಲ.

ಎಲ್ಲಕ್ಕಿಂತ ಒಳ್ಳೆಯದು ನೀರು. ಆದರೆ ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆಯವರಿಗೆ ಆ ಮಾತನ್ನು ಅಷ್ಟು ಸಲೀಸಾಗಿ ಹೇಳುವಂತಿಲ್ಲ. ಅಲ್ಲಿನ ಅನೇಕ ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಮಿತಿ ಮೀರಿದೆ. ಲೀಟರಿಗೆ 1 ಮಿಲಿಗ್ರಾಂವರೆಗೆ ಸರಿ, ಬೇರೆ ನೀರೇ ಇಲ್ಲವಾದರೆ 1.5ರವರೆಗೆ ಎಂಬುದು ನಮ್ಮ ದೇಶದ ಮಾನದಂಡ. ಹಿತಮಿತವಾದ ಫ್ಲೋರೈಡ್ ಎನಾಮೆಲನ್ನು ಗಟ್ಟಿಮಾಡುತ್ತದೆ. ಹಲ್ಲು ರೂಪುಗೊಳ್ಳುವ ವಯಸ್ಸಿನಲ್ಲಿ ಅತಿಯಾದರೆ ಕಂದು ಕಲೆ ಬಿದ್ದು ಹಲ್ಲು ಹಾಳಾಗುತ್ತದೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದು ಸಾಂದ್ರವಾಗುತ್ತದೆ. ಆ ಊರುಗಳ ಮಕ್ಕಳಿಗೆ ಬೇಕಾಗಿರುವುದು ಪರೀಕ್ಷೆ ಮಾಡಿ ಶುದ್ಧೀಕರಿಸಿದ ನೀರು.

ತಾಯಂದಿರಲ್ಲಿ, ತಂದೆಯರಲ್ಲಿ, ಅಜ್ಜಿಯರಲ್ಲಿ ಒಂದು ಕೋರಿಕೆ. ನಿದ್ದೆಯಲ್ಲಿ ಎಂಜಲು ಬಹುತೇಕ ನಿಂತೇಹೋಗಿರುತ್ತದೆ. ಆ ಹೊತ್ತಿಗೆ ಬಾಯಲ್ಲಿ ಉಳಿದ ಸಿಹಿಯನ್ನು ತೊಳೆಯುವವರು ಯಾರೂ ಇರುವುದಿಲ್ಲ. ಸಕ್ಕರೆ ಹಾಕಿದ ಹಾಲಿನ ಬಾಟಲಿಯನ್ನು ಬಾಯಲ್ಲಿಟ್ಟು ಮಗುವನ್ನು ಮಲಗಿಸಬೇಡಿ. ಶಾಲೆಗೆ ಹೋಗುವ ಮಗುವಿಗೆ ಮಾಲ್ಟ್ ಪುಡಿಯ ಹಾಲನ್ನು ರಾತ್ರಿ ಊಟದ ಜೊತೆಗೇ ಕೊಟ್ಟುಬಿಡಿ. ಮಲಗುವ ಮುನ್ನ ಹಲ್ಲುಜ್ಜಿಸಿ. ಅದಾದ ಮೇಲೆ ಬೆಳಗಿನವರೆಗೆ ನೀರು ಮಾತ್ರ.