ಕಾಫಿಪುಡಿ ಉಡುಗೊರೆಗೆ ರಟ್ಟಿನ ಪೆಟ್ಟಿಗೆ

ಬೆಂಗಳೂರಿನ ಮಾಗಡಿ ರಸ್ತೆಯ ಹೇರೋಹಳ್ಳಿಯಂಥ ಬಡಾವಣೆಗಳಲ್ಲಿ ನೆಲಸಿರುವ ನೆಂಟರಿಗೆ, ಗಿರಾಕಿಗಳಿಗೆ ಹಬ್ಬದ ಹೊತ್ತಿಗೆ ಕಾಫಿಪುಡಿ ಕಳುಹಿಸುವ ಸಣ್ಣ ಬೆಳೆಗಾರರು ಅದರ ಪೆಟ್ಟಿಗೆಯನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. 300 ಜಿ.ಎಸ್.ಎಂ. ದಪ್ಪದ ತೆಳುರಟ್ಟು ಸಾಕು.

ಕಾಲು ಕಿಲೋ ಪುಡಿಗೆ 24 ಸೆಂ.ಮೀ. ಚೌಕದ ರಟ್ಟು ಬೇಕು. ನಾಲ್ಕೂ ಅಂಚಿನಿಂದ 6 ಸೆಂ.ಮೀ. ಒಳಗೆ ಗೆರೆ ಎಳೆದು, ಶಾಯಿ ಮುಗಿದ ಪೆನ್ನಿನಿಂದ ಒತ್ತಿರಿ. ಒತ್ತದೆ ಮಡಿಸಿದರೆ ರಟ್ಟು ಬಿರಿಯುತ್ತದೆ. ಎದುರುಬದುರಿನ ಎರಡು ಬದಿಗಳಲ್ಲಿ ಗೆರೆಗುಂಟ 6 ಸೆಂ.ಮೀ. ಉದ್ದದ ನಾಲ್ಕು ಸೀಳು ಹಾಕಿ, ಮೂಲೆಯ ತುಂಡುಗಳನ್ನು ಒಳಕ್ಕೆ ಮಡಿಸಿ ಅಂಟಿಸಿರಿ. ಮುಚ್ಚಳಕ್ಕೆ 18.3 ಸೆಂ.ಮೀ. ಚೌಕ ತೆಗೆದುಕೊಂಡು 3 ಸೆಂ.ಮೀ.ಗೆ ಗೆರೆ ಎಳೆಯಿರಿ. ಹೀಗೆ ಸಿಗುವ 3 ಮಿ.ಮೀ. ಸಡಿಲವಿಲ್ಲದೆ ಮುಚ್ಚಳ ಕೂರದು.

ಆದರೆ ಪೆಟ್ಟಿಗೆ ಅಂದಕ್ಕೆ ಮಾತ್ರ. ರಟ್ಟು ತೇವ ಹೀರುತ್ತದೆ, ಪರಿಮಳವನ್ನು ಹಿಡಿದಿಡದು. ಪುಡಿಯನ್ನು ಗಾಳಿಯಾಡದ ಪೊಟ್ಟಣದಲ್ಲಿ ಬಿಗಿದೇ ಒಳಗಿಡಿರಿ. ಹುರಿದ ಕಾಫಿ ಇಂಗಾಲದ ಡೈಆಕ್ಸೈಡ್ ಬಿಡುತ್ತಿರುತ್ತದೆ. ಹುರಿದ ಕೂಡಲೇ ಬಿಗಿದರೆ ಪೊಟ್ಟಣ ಉಬ್ಬಿ ಮುಚ್ಚಳ ಎದ್ದೀತು. ಬೀಜವನ್ನು ಒಂದು ದಿನ ಬಿಟ್ಟು ಪುಡಿ ಮಾಡಿರಿ.

ಮಾರಾಟಕ್ಕಾದರೆ ನಿವ್ವಳ ತೂಕ, ಬೆಲೆ, ತಯಾರಿಕೆಯ ತಿಂಗಳು, ಚಿಕೋರಿ ಬೆರೆಸಿದ್ದರೆ ಅದರ ಪ್ರಮಾಣವನ್ನು ತಪ್ಪದೆ ನಮೂದಿಸಿರಿ.