ನೆಲವೂ ಡೊಂಕಾಗಿರಬಹುದು

‘ಕುಣಿಯಲಾರದವಳು ನೆಲ ಡೊಂಕು ಎಂದಳಂತೆ’ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ತನ್ನ ಅಸಾಮರ್ಥ್ಯವನ್ನು ಮರೆಮಾಚಲು ಅನ್ಯರ ಮೇಲೆ ದೋಷ ಹೊರಿಸುವವರನ್ನು ಕುರಿತು ಹಿರಿಯರು ಆಡಿದ ಮಾತಿದು. ಮಾತೇನೋ ದಿಟ. ಆದರೆ ಒಮ್ಮೊಮ್ಮೆ ನೆಲವೇ ನಿಜವಾಗಿ ಡೊಂಕಾಗಿರುವುದೂ ಉಂಟು. ಆಗ ಕುಣಿಯುವವಳು ಏನು ಮಾಡಬೇಕು? ತನಗೆ ಕುಣಿತ ಬಾರದೆಂದು ತಲೆತಗ್ಗಿಸಿ ಹೊರಟುಹೋಗಬೇಕೇ, ಇಲ್ಲವೆ ನೆಲ ಎಲ್ಲಿ, ಎಷ್ಟು ಡೊಂಕಾಗಿದೆಯೆಂದು ಅಳೆದು ಹೇಳಬೇಕೇ? ಈ ಪ್ರಶ್ನೆಯನ್ನು ನಾನಿಲ್ಲಿ ಅಂತರಜಾಲದ ತಾಣಗಳ ವಿಷಯದಲ್ಲಿ ಎತ್ತಿಕೊಂಡಿದ್ದೇನೆ.

ಕಳೆದ ವರ್ಷ ಅಶೋಕಪುರಂನ ನಮ್ಮ ಬೀದಿಯ ವಿದ್ಯಾರ್ಥಿನಿಯೊಬ್ಬಳು ಒಂದು ಅರ್ಜಿಯನ್ನು ಮೊಬೈಲಿನಲ್ಲಿ ತುಂಬುತ್ತಿದ್ದಳು. ಹೆಸರು, ಅಂಕ, ಆದಾಯ ಎಲ್ಲವನ್ನೂ ಬರೆದಾಯಿತು. ಕೊನೆಯಲ್ಲಿ ಇರಬೇಕಾದ ‘ಸಲ್ಲಿಸಿ’ ಎಂಬ ಗುಂಡಿ ಮಾತ್ರ ಎಲ್ಲಿಯೂ ಕಾಣಲಿಲ್ಲ. ಮೂರು ಬಾರಿ ಮೊದಲಿನಿಂದ ತುಂಬಿದಳು. ಕೊನೆಗೆ, “ನನಗೆ ಇದೆಲ್ಲ ತಿಳಿಯುವುದಿಲ್ಲ” ಎಂದು ಕೈಚೆಲ್ಲಿ ಕುಳಿತಳು. ಅದೇ ಪುಟವನ್ನು ಅದೇ ಮೊಬೈಲಿನಲ್ಲಿ ಬೇರೊಂದು ಬ್ರೌಸರಿನಿಂದ ತೆರೆದಾಗ ಗುಂಡಿಯು ತನ್ನ ಸ್ಥಾನದಲ್ಲಿ ಸುಮ್ಮನೆ ಕುಳಿತಿತ್ತು! ತಪ್ಪು ಅವಳದಾಗಿರಲಿಲ್ಲ, ನೆಲದ್ದಾಗಿತ್ತು.

ಇದು ಹೇಗೆ ಸಂಭವಿಸುತ್ತದೆ? ಜಾಲತಾಣವೆಂಬುದು ವಾಸ್ತವವಾಗಿ ಸಿದ್ಧ ಚಿತ್ರವಲ್ಲ. ಚಿತ್ರವನ್ನು ಹೇಗೆ ಬರೆಯಬೇಕೆಂಬ ಸೂಚನೆಗಳ ಒಂದು ಪಟ್ಟಿ. ಆ ಸೂಚನೆಗಳನ್ನು ಓದಿ, ನಮ್ಮ ಪರದೆಯ ಮೇಲೆ ಪುಟವನ್ನು ರಚಿಸಿ ತೋರಿಸುವ ಸಾಧನವೇ ಬ್ರೌಸರು. ಕ್ರೋಮ್, ಫೈರ್‌ಫಾಕ್ಸ್, ಸಫಾರಿ ಮೊದಲಾದುವು ಇಂಥವು. ನಮ್ಮ ಅಶೋಕಪುರಂ ನಿಲ್ದಾಣದ ಮೂಲಕ ಚಾಮರಾಜನಗರಕ್ಕೆ ಹೋಗುವ ರೈಲುದಾರಿಯನ್ನೇ ನೆನೆಯಿರಿ. ಹಿಂದೆ ಅದು ಮೀಟರ್ ಗೇಜಿನದು; ಈಗ ಬ್ರಾಡ್ ಗೇಜಿನದು. ಮೊದಲನೆಯದರಲ್ಲಿ ಹಳಿಗಳ ನಡುವಿನ ಅಂತರ 1000 ಮಿಲಿಮೀಟರ್, ಎರಡನೆಯದರಲ್ಲಿ 1676. ಗಾಲಿಯೂ ಗಟ್ಟಿಯಾಗಿರಬಹುದು, ಹಳಿಯೂ ಗಟ್ಟಿಯಾಗಿರಬಹುದು. ಎರಡರ ಅಳತೆ ಒಂದಾಗದಿದ್ದರೆ ಬಂಡಿ ಸಾಗದು. ತಾಣಕ್ಕೂ ಬ್ರೌಸರಿಗೂ ಇರಬೇಕಾದ ಈ ಅಳತೆಯ ಒಪ್ಪಂದವನ್ನೇ ಹೊಂದಾಣಿಕೆ ಎನ್ನುತ್ತಾರೆ.

ಜಾಗತಿಕ ಜಾಲದ ಕಲ್ಪನೆಯನ್ನು ಟಿಮ್ ಬರ್ನರ್ಸ್-ಲೀ ಅವರು 1989ರಲ್ಲಿ ಮುಂದಿಟ್ಟರು. ಅಳತೆಗಳನ್ನು ಗೊತ್ತುಮಾಡಲು 1994ರಲ್ಲಿ ಅವರೇ ಒಂದು ಒಕ್ಕೂಟವನ್ನು ಸ್ಥಾಪಿಸಿದರು. ಆದರೆ ಅಳತೆ ಬರೆದಿಟ್ಟ ಮಾತ್ರಕ್ಕೆ ಎಲ್ಲರೂ ಅದರಂತೆ ನಡೆಯುತ್ತಾರೆಯೇ? ಆ ಕಾಲದಲ್ಲಿ ನೆಟ್‌ಸ್ಕೇಪ್ ಬ್ರೌಸರು ತನ್ನನ್ನು ‘ಮೊಜಿಲ್ಲಾ’ ಎಂದು ತಾಣಗಳಿಗೆ ಪರಿಚಯಿಸಿಕೊಳ್ಳುತ್ತಿತ್ತು. ಕೆಲವು ತಾಣಗಳು ಆ ಹೆಸರು ಹೇಳಿದವರಿಗೆ ಮಾತ್ರ ಒಳ್ಳೆಯ ಪುಟವನ್ನು ಕೊಡತೊಡಗಿದುವು. ಇದನ್ನು ಕಂಡ ಮೈಕ್ರೋಸಾಫ್ಟಿನ ಎಕ್ಸ್‌ಪ್ಲೋರರ್ ತಾನೂ ‘ಮೊಜಿಲ್ಲಾ’ ಎಂದೇ ಹೇಳಿಕೊಂಡಿತು. ಇಂದಿಗೂ ಕ್ರೋಮ್, ಸಫಾರಿಗಳೆಲ್ಲ ಆ ಹೆಸರಿನಿಂದಲೇ ತಮ್ಮ ಪರಿಚಯವನ್ನು ಆರಂಭಿಸುತ್ತವೆ. ಗುಣವನ್ನು ನೋಡದೆ ಹೆಸರನ್ನು ಕೇಳಿ ಬಾಗಿಲು ತೆರೆಯುವಲ್ಲಿ ಇಂಥ ವೇಷಗಳು ಹುಟ್ಟುವುದು ಸಹಜವೇ.

ಕನ್ನಡಕ್ಕೂ ಈ ಕಷ್ಟ ತಪ್ಪಲಿಲ್ಲ. ಯೂನಿಕೋಡ್ ಎಂಬ ಸಾರ್ವತ್ರಿಕ ಅಕ್ಷರ ಸಂಕೇತದಲ್ಲಿ ಕನ್ನಡಕ್ಕೆ 1991ರಲ್ಲಿಯೇ ಸ್ಥಾನ ದೊರೆತಿದ್ದರೂ ಅದು ಬಳಕೆಗೆ ಬರಲು ಬಹುಕಾಲ ಹಿಡಿಯಿತು. 2000ದ ಆಸುಪಾಸಿನಲ್ಲಿ ಹಲವು ಕನ್ನಡ ತಾಣಗಳು ತಮ್ಮದೇ ಸಂಕೇತದ ಅಕ್ಷರಶೈಲಿಯನ್ನು ಪುಟದೊಡನೆ ಕಳುಹಿಸುತ್ತಿದ್ದುವು. ಅದರಲ್ಲಿ ಒಂದು ಬಗೆಯ ಶೈಲಿಯನ್ನು ಎಕ್ಸ್‌ಪ್ಲೋರರ್ ಮಾತ್ರ ಓದಬಲ್ಲುದಾಗಿತ್ತು. ಬೇರೆ ಬ್ರೌಸರಿನಲ್ಲಿ ತೆರೆದವರಿಗೆ ಕನ್ನಡದ ಬದಲು ಅರ್ಥವಿಲ್ಲದ ಗೀಟುಗಳ ರಾಶಿ ಕಾಣುತ್ತಿತ್ತು. ಅದೇ ಎಕ್ಸ್‌ಪ್ಲೋರರನ್ನು ಅದರ ಒಡೆಯರೇ 2022ರ ಜೂನ್ 15ರಂದು ನಿವೃತ್ತಗೊಳಿಸಿದರು. ಒಂದೇ ಬ್ರೌಸರನ್ನು ನಂಬಿ ಕಟ್ಟಿದ ಮನೆ ಎಷ್ಟು ದಿನ ನಿಂತೀತು ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಇಂದು ಯೂನಿಕೋಡ್ ಎಲ್ಲೆಡೆ ನೆಲೆಸಿದೆ. ಆದರೂ ಸೂಕ್ಷ್ಮ ದೋಷಗಳು ಉಳಿದಿವೆ. ‘ರಾಜ್‌ಕುಮಾರ್’ ಎಂದು ಬರೆಯುವಾಗ ಜ್ ಮತ್ತು ಕು ಕೂಡಿಕೊಳ್ಳದಂತೆ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತವನ್ನು ಇಡುತ್ತೇವೆ. ಯಾವುದಾದರೊಂದು ತಾಣ ಅದನ್ನು ವ್ಯರ್ಥವೆಂದು ಕಿತ್ತೊಗೆದರೆ ಹೆಸರು ‘ರಾಜ್ಕುಮಾರ್’ ಆಗಿಬಿಡುತ್ತದೆ. ಕನ್ನಡವನ್ನರಿಯದ ಎಂಜಿನಿಯರು ಎಷ್ಟೇ ನಿಪುಣನಾಗಿದ್ದರೂ ಈ ದೋಷವನ್ನು ತಾನಾಗಿ ಕಾಣಲಾರ. ಅದನ್ನು ಕಾಣಬಲ್ಲವರು ಕನ್ನಡವನ್ನು ಓದುವ ನಾವೇ.

ಈ ಕಾರ್ಯಕ್ಕಾಗಿ ಜಗತ್ತಿನಾದ್ಯಂತ ಸ್ವಯಂಸೇವಕರಿದ್ದಾರೆ. ಮೊಜಿಲ್ಲಾದವರ ಆಶ್ರಯದಲ್ಲಿ ನಡೆಯುವ ‘ವೆಬ್‌ಕಾಂಪ್ಯಾಟ್’ ಎಂಬ ತಾಣದಲ್ಲಿ ಯಾವ ಬ್ರೌಸರಿನ ತೊಂದರೆಯನ್ನಾದರೂ ವರದಿ ಮಾಡಬಹುದು. ಮೊದಲು ಆ ದೋಷ ತಮಗೂ ಕಾಣುತ್ತದೆಯೇ ಎಂದು ಪರೀಕ್ಷಿಸುತ್ತಾರೆ. ಅನಂತರ ಕಾರಣವನ್ನು ಹುಡುಕುತ್ತಾರೆ. ತಪ್ಪು ತಾಣದ್ದಾದರೆ ಅದರವರಿಗೆ ತಿಳಿಸುತ್ತಾರೆ. ಬ್ರೌಸರಿನದಾದರೆ ಅದನ್ನು ರಚಿಸಿದವರಿಗೆ ಒಪ್ಪಿಸುತ್ತಾರೆ. ತಾಣದವರು ತಿದ್ದುವವರೆಗೆ ಫೈರ್‌ಫಾಕ್ಸ್ ತನ್ನೊಳಗೇ ತಾತ್ಕಾಲಿಕ ತೇಪೆಯೊಂದನ್ನು ಹಾಕಿಕೊಳ್ಳುವುದೂ ಉಂಟು.

ಇದರಿಂದ ಪ್ರಯೋಜನವಾದುದಕ್ಕೆ ಒಂದು ದೃಷ್ಟಾಂತ. ಒಪೆರಾ ಎಂಬ ಬ್ರೌಸರು 2009ರಲ್ಲಿ ತನ್ನ 10ನೆಯ ಆವೃತ್ತಿಯನ್ನು ಸಿದ್ಧಪಡಿಸಿದಾಗ, ಸಂಖ್ಯೆಯ ಮೊದಲ ಅಂಕಿಯನ್ನು ಮಾತ್ರ ಓದುತ್ತಿದ್ದ ಕೆಲವು ತಾಣಗಳು 10ನ್ನು 1 ಎಂದು ತಿಳಿದು, ‘ನಿಮ್ಮದು ತೀರ ಹಳೆಯದು’ ಎಂದು ಬಾಗಿಲು ಹಾಕಿದುವು. ಒಪೆರಾದವರು ವಿಧಿಯಿಲ್ಲದೆ ತಾವು ಇನ್ನೂ 9.80 ಎಂದೇ ಹೇಳಿಕೊಳ್ಳಬೇಕಾಯಿತು. 2022ರಲ್ಲಿ ಕ್ರೋಮ್ ಮತ್ತು ಫೈರ್‌ಫಾಕ್ಸ್‌ಗಳು 100ನೆಯ ಆವೃತ್ತಿಯನ್ನು ಮುಟ್ಟಲಿದ್ದಾಗ ಇದೇ ಭಯವಿತ್ತು. ಈ ಸಾರಿ ಮುಂಚಿತವಾಗಿಯೇ ಬ್ರೌಸರಿಗೆ 100 ಎಂಬ ಸಂಖ್ಯೆಯನ್ನು ತೊಡಿಸಿ ಪರೀಕ್ಷಿಸಲಾಯಿತು. ಕೆಟ್ಟುಹೋದ ತಾಣಗಳನ್ನು ವರದಿ ಮಾಡಿರೆಂದು ಬಳಸುವವರನ್ನೂ ಕೇಳಿಕೊಳ್ಳಲಾಯಿತು. ಮಾರ್ಚ್ ಮತ್ತು ಮೇ ತಿಂಗಳುಗಳಲ್ಲಿ ಎರಡೂ ಆವೃತ್ತಿಗಳು ಹೊರಬಂದುವು. ಒಪೆರಾದಂತೆ ಸಂಖ್ಯೆಯನ್ನು ಬಚ್ಚಿಡಬೇಕಾಗಲಿಲ್ಲ.

ಇನ್ನು ವರದಿ ಬರೆಯುವ ಕ್ರಮ. ಇದಕ್ಕೆ ಎಂಜಿನಿಯರಿಂಗ್ ವಿದ್ಯೆ ಬೇಡ. ಕಲಾ ವಿಭಾಗದ ನಾವು ಸಂಕ್ಷೇಪಲೇಖನದಲ್ಲಿ ಕಲಿತ ಶಿಸ್ತೇ ಸಾಕು. ಪುಟದ ಪೂರ್ಣ ವಿಳಾಸವನ್ನು ಬರೆಯಬೇಕು. ಯಾವ ಬ್ರೌಸರು, ಎಷ್ಟನೆಯ ಆವೃತ್ತಿ, ಯಾವ ಮೊಬೈಲು ಎಂಬುದನ್ನು ತಿಳಿಸಬೇಕು. ಮೊದಲು ಏನು ಒತ್ತಿದೆವು, ಅನಂತರ ಏನು ಮಾಡಿದೆವು ಎಂಬುದನ್ನು ಅನುಕ್ರಮವಾಗಿ ಹೇಳಬೇಕು. ಏನಾಗಬೇಕಾಗಿತ್ತು, ಏನಾಯಿತು ಎಂಬ ಎರಡನ್ನೂ ಬೇರೆಬೇರೆಯಾಗಿ ನಮೂದಿಸಬೇಕು. ಇನ್ನೊಂದು ಬ್ರೌಸರಿನಲ್ಲಿ ಪರೀಕ್ಷಿಸಿದ ಫಲಿತಾಂಶವನ್ನೂ ಪರದೆಯ ಚಿತ್ರವನ್ನೂ ಸೇರಿಸಬೇಕು. ಒಂದು ವರದಿಗೆ ಒಂದೇ ದೋಷ. ಬಹು ಮುಖ್ಯವಾದ ಎಚ್ಚರಿಕೆಯೆಂದರೆ, ಚಿತ್ರದಲ್ಲಿ ಆಧಾರ್ ಸಂಖ್ಯೆ, ದೂರವಾಣಿ, ಬ್ಯಾಂಕಿನ ವಿವರ ಮುಂತಾದುವು ಇರಕೂಡದು. ಇಂಥ ವರದಿಗಳನ್ನು ಯಾರು ಬೇಕಾದರೂ ನೋಡುವಂತಿರಬಹುದು.

ನಾನು ಈ ಪಾಠವನ್ನು ಕಲಿತದ್ದು ತಪ್ಪುಮಾಡಿಯೇ. ಮೇಲೆ ಹೇಳಿದ ಅರ್ಜಿಯ ವಿಷಯವಾಗಿ ಸಂಬಂಧಪಟ್ಟವರಿಗೆ ನಾನು ಮೊದಲು ಕಳುಹಿಸಿದ ಪತ್ರದಲ್ಲಿ, ‘ನಿಮ್ಮ ತಾಣ ಕೆಲಸ ಮಾಡುತ್ತಿಲ್ಲ, ಬಡ ವಿದ್ಯಾರ್ಥಿಗಳಿಗೆ ಅನ್ಯಾಯವಾಗುತ್ತಿದೆ’ ಎಂದು ಆವೇಶದಿಂದ ಬರೆದಿದ್ದೆ. ಉತ್ತರ ಬರಲಿಲ್ಲ. ಅವರ ಕಂಪ್ಯೂಟರಿನಲ್ಲಿ ತಾಣ ಚೆನ್ನಾಗಿಯೇ ಕೆಲಸ ಮಾಡುತ್ತಿದ್ದಿರಬೇಕು! ಎರಡನೆಯ ಪತ್ರದಲ್ಲಿ ಆವೇಶವನ್ನು ಬಿಟ್ಟು ವಿವರಗಳನ್ನು ಕೊಟ್ಟೆ. ಅದಕ್ಕೂ ಉತ್ತರವೇನೋ ಬರಲಿಲ್ಲ. ಆದರೆ ಕೆಲವು ದಿನಗಳ ಮೇಲೆ ಪುಟವನ್ನು ತೆರೆದು ನೋಡಿದಾಗ ಗುಂಡಿ ಕಾಣುತ್ತಿತ್ತು. ಅನ್ಯಾಯವೆಂಬ ಮಾತು ಸುಳ್ಳಾಗಿರಲಿಲ್ಲ. ಆದರೆ ತಿದ್ದುವವನ ಕೈಗೆ ಬೇಕಾದದ್ದು ಅನ್ಯಾಯದ ನಿಖರವಾದ ವಿಳಾಸ.

ನಮ್ಮಲ್ಲಿ ಅನೇಕರು ತಮ್ಮ ಮನೆಗಳಲ್ಲಿ ಅರ್ಜಿ ತುಂಬುವ ಮೊದಲ ತಲೆಮಾರಿನವರು. ಕೇಳಲು ಮನೆಯಲ್ಲಿ ಹಿರಿಯರಿಲ್ಲ. ಕೈಯಲ್ಲಿರುವುದು ಅಗ್ಗದ, ಹಳೆಯ ಮೊಬೈಲು. ತಾಣದ ದೋಷ ಮೊದಲು ತಟ್ಟುವುದು ನಮಗೇ. ‘ನನಗೇ ತಿಳಿಯದು’ ಎಂದು ಮೊದಲು ಸುಮ್ಮನಾಗುವವರೂ ನಾವೇ. ಆ ಮೌನದಿಂದ ದೋಷವು ಮಾಡಿದವನ ಕಣ್ಣಿಗೆ ಇಲ್ಲದಂತೆಯೇ ಉಳಿದುಬಿಡುತ್ತದೆ. ಮುಂದಿನ ವರ್ಷ ಅದೇ ಗುಂಡಿಗಾಗಿ ಇನ್ನೊಬ್ಬಳು ಹುಡುಕುತ್ತಾಳೆ.

ಆದುದರಿಂದ ಮಿತ್ರರೇ, ಮುಂದೆ ಯಾವುದಾದರೂ ಪುಟ ಕೆಟ್ಟು ನಿಂತಾಗ ಕೂಡಲೇ ನಿಮ್ಮನ್ನು ಹಳಿದುಕೊಳ್ಳಬೇಡಿ. ಇನ್ನೊಂದು ಬ್ರೌಸರಿನಲ್ಲಿ ತೆರೆದು ನೋಡಿ. ಅಲ್ಲಿ ಸರಿಯಾಗಿದ್ದರೆ ನಿಮ್ಮ ಕೆಲಸವನ್ನು ಮುಗಿಸಿಕೊಳ್ಳಿ; ಆದರೆ ಅಷ್ಟಕ್ಕೇ ಎದ್ದು ಹೋಗದೆ, ಇನ್ನೂ ಹತ್ತು ನಿಮಿಷ ಕುಳಿತು ಆ ಡೊಂಕನ್ನು ಅಳೆದು ಬರೆದು ಕಳುಹಿಸಿ. ನಿಮ್ಮ ಹಿಂದೆ ಬರುವವರಿಗೆ ನೆಲ ಸಮವಾಗಿರಲಿ.